14 ಕಾರ್ಯಕ್ರಮ, 7 ವಾರ

ಪ್ರಶ್ನೆ: ನಾನು ಜಿಲ್ಲಾ ಕೇಂದ್ರವೊಂದರ ಇಂಜಿನಿಯರಿಂಗ್ ಕಾಲೇಜಿನಲ್ಲಿ 5ನೇ ಸೆಮಿಸ್ಟರ್ ಮೆಕ್ಯಾನಿಕಲ್ ಓದುತ್ತಿದ್ದೇನೆ. ನಮ್ಮದು ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಕಾಲೇಜು. ಈ ವರ್ಷ ನನ್ನನ್ನು ವಿದ್ಯಾರ್ಥಿ ಕೌನ್ಸಿಲ್‌ನ ಕಾರ್ಯದರ್ಶಿ ಮಾಡಿದ್ದಾರೆ. 9 ಜನ ಕೂತು ಈ ಸೆಮಿಸ್ಟರ್‌ಗೆ 14 ಕಾರ್ಯಕ್ರಮಗಳ ಪಟ್ಟಿ ಮಾಡಿದ್ದೇವೆ. ಫ್ರೆಶರ್ಸ್ ಡೇ, ಇಂಜಿನಿಯರ್ಸ್ ಡೇ, 24 ಗಂಟೆಯ ಹ್ಯಾಕಥಾನ್ (ತಂಡಗಳು ಕೂತು ಒಂದು ಸಮಸ್ಯೆಗೆ ಪರಿಹಾರ ಕಟ್ಟುವ ಸ್ಪರ್ಧೆ), ರಕ್ತದಾನ, ಎಥ್ನಿಕ್ ಡೇ, ರಾಜ್ಯೋತ್ಸವ, ಕ್ರಿಕೆಟ್ ಟೂರ್ನಿ, ಟೆಕ್ ಫೆಸ್ಟ್, ನಾಲ್ಕೈದು ವರ್ಕ್‌ಶಾಪ್, ಹೀಗೆ. ಪ್ರಿನ್ಸಿಪಾಲರು 1,20,000 ರೂಪಾಯಿ ಕೊಡಿಸುತ್ತೇನೆ ಎಂದಿದ್ದಾರೆ. ಕಳೆದ ವರ್ಷದವರು ಅರ್ಧಕ್ಕೇ ಕೈಬಿಟ್ಟರು. ನಮಗೂ ಹಾಗಾಗಬಾರದು. ಎಲ್ಲಿಂದ ಶುರು ಮಾಡಬೇಕು ಸರ್? ಇನ್ನೊಂದು ಸಣ್ಣ ಪ್ರಶ್ನೆ: ಕೌನ್ಸಿಲ್ ದುಡ್ಡಿನಲ್ಲಿ ನಮಗೆ ಟೀ ಶರ್ಟ್ ಮಾಡಿಸಿಕೊಳ್ಳಬಹುದಾ?

ಉತ್ತರ: ಪಟ್ಟಿಯನ್ನು ಸದ್ಯಕ್ಕೆ ಮಡಚಿ ಜೇಬಿಗೆ ಹಾಕಿಕೊಳ್ಳಿ. ಹರಿಯಬೇಡಿ, ಆಮೇಲೆ ಬೇಕಾಗುತ್ತದೆ. ಮೊದಲು ಕ್ಯಾಲೆಂಡರ್ ತೆಗೆದುಕೊಂಡು ಖಾಲಿ ಇರುವ ವಾರಗಳನ್ನು ಎಣಿಸಿ. ಮೇಷ್ಟ್ರಾಗಿ ಇಪ್ಪತ್ತು ವರ್ಷ ಕೌನ್ಸಿಲ್‌ಗಳ ಜೊತೆ ಓಡಾಡಿದ ನನಗೆ ಗೊತ್ತಿರುವ ಗುಟ್ಟು ಇದೊಂದೇ. ಎಲ್ಲರೂ ಕಾರ್ಯಕ್ರಮದಿಂದ ಶುರು ಮಾಡುತ್ತಾರೆ, ದಿನ ಸಿಗದೆ ಒದ್ದಾಡುತ್ತಾರೆ.

ಲೆಕ್ಕ ಹಾಕೋಣ ಬನ್ನಿ. ಸೆಮಿಸ್ಟರ್ ಅಂದರೆ ಸುಮಾರು 16 ವಾರ. ಮೊದಲ ವಾರ ಟೈಮ್ ಟೇಬಲ್ಲೇ ಗಟ್ಟಿ ಆಗಿರುವುದಿಲ್ಲ, ಅದನ್ನು ಬಿಡಿ. ಇಂಟರ್ನಲ್ಸ್, ಅಂದರೆ ಕಾಲೇಜೇ ನಡೆಸುವ ನಡುವಿನ ಪರೀಕ್ಷೆ, ಎರಡು ಅಂದುಕೊಳ್ಳಿ. ಪರೀಕ್ಷೆಯ ವಾರ ಹೋಯಿತು, ಅದರ ಹಿಂದಿನ ವಾರವೂ ಯಾರೂ ಬರುವುದಿಲ್ಲ. ಅಲ್ಲಿಗೆ 4 ವಾರ. ದಸರಾಕ್ಕೊಂದು, ದೀಪಾವಳಿಗೊಂದು ವಾರ ಹಾಸ್ಟೆಲ್ ಖಾಲಿ. ಕೊನೆಯ 2 ವಾರ ರೆಕಾರ್ಡ್ ಬರೆಯುವುದು, ಸಹಿ ಹಾಕಿಸುವುದು, ಲ್ಯಾಬ್ ಇಂಟರ್ನಲ್ಸ್. ಒಟ್ಟು 9 ವಾರ ಕಳೆದವು. ನಿಮ್ಮ ಕೈಯಲ್ಲಿ ಉಳಿದಿದ್ದು 7 ವಾರ. ನಿಮ್ಮ ಪಟ್ಟಿಯಲ್ಲಿ ಇರುವುದು 14 ಕಾರ್ಯಕ್ರಮ. ಕಳೆದ ವರ್ಷದವರು ಸೋಮಾರಿಗಳಾಗಿರಲಿಲ್ಲ, ಅವರು ಈ ಕಳೆಯುವ ಲೆಕ್ಕ ಮಾಡಿರಲಿಲ್ಲ ಅಷ್ಟೆ.

ಯೋಜನೆ ಬರೆಯುವಾಗ ತಾರೀಖು ಹಾಕಬೇಡಿ. 'ಮೂರನೇ ವಾರ', 'ಎಂಟನೇ ವಾರ' ಎಂದೇ ಬರೆಯಿರಿ. ವಿಟಿಯು ಕ್ಯಾಲೆಂಡರ್ ಹಿಂದೆ ಮುಂದೆ ಆಗುವುದು ನಿಮಗೇ ಗೊತ್ತು. ಸೆಮಿಸ್ಟರ್ 10 ದಿನ ತಡವಾಗಿ ಶುರುವಾದರೆ ವಾರದ ಲೆಕ್ಕವೂ ಅದರ ಜೊತೆಗೇ ಜರುಗುತ್ತದೆ. ಸೆಪ್ಟೆಂಬರ್ 15ರ ಇಂಜಿನಿಯರ್ಸ್ ಡೇ, ನವೆಂಬರ್ 1ರ ರಾಜ್ಯೋತ್ಸವದಂತಹ ಜರುಗದ ದಿನಗಳನ್ನು ಮಾತ್ರ ಬೇರೆ ಶಾಯಿಯಲ್ಲಿ ಬರೆದುಕೊಳ್ಳಿ.

ಇನ್ನೊಂದು ಎಣಿಕೆ ಬಾಕಿ ಇದೆ. ಕಾಲೇಜು ಬಸ್ ಎಷ್ಟು ಗಂಟೆಗೆ ಹೊರಡುತ್ತದೆ? ಜಿಲ್ಲಾ ಕೇಂದ್ರದ ಕಾಲೇಜಿನಲ್ಲಿ ಇದು ಬಹಳ ದೊಡ್ಡ ಪ್ರಶ್ನೆ. ನಾಲ್ಕೂವರೆಗೆ ಬಸ್ ಹೊರಟರೆ ಐದಕ್ಕೆ ಇಟ್ಟ ಕಾರ್ಯಕ್ರಮ ಹಾಸ್ಟೆಲಿನವರಿಗೆ ಮಾತ್ರ. ಸುತ್ತಲಿನ ತಾಲ್ಲೂಕು, ಹಳ್ಳಿಗಳಿಂದ ಪಾಸ್ ಮಾಡಿಸಿಕೊಂಡು ಬರುವವರು ಒಂದು ಬಸ್ ತಪ್ಪಿಸಿಕೊಂಡರೆ ಮನೆ ಮುಟ್ಟುವುದು ರಾತ್ರಿಗೇ. 'ನಮ್ಮ ಹುಡುಗರಿಗೆ ಆಸಕ್ತಿಯೇ ಇಲ್ಲ ಸರ್' ಎಂದು ಗೊಣಗಿದ ಎಷ್ಟೋ ಕಾರ್ಯದರ್ಶಿಗಳನ್ನು ನೋಡಿದ್ದೇನೆ. ಆಸಕ್ತಿ ಇತ್ತು, ಬಸ್ ಇರಲಿಲ್ಲ. ಪ್ರತಿ ತರಗತಿಯ ಸಿಆರ್‌ಗಳಿಂದ (ತರಗತಿ ಪ್ರತಿನಿಧಿಗಳಿಂದ) ಒಂದು ಚೀಟಿ ತರಿಸಿಕೊಳ್ಳಿ: ಹಾಸ್ಟೆಲ್ ಎಷ್ಟು, ಕಾಲೇಜು ಬಸ್ ಎಷ್ಟು, ಸರ್ಕಾರಿ ಬಸ್ ಎಷ್ಟು. ಆ ಚೀಟಿ ನೋಡಿ ಸಮಯ ಇಡಿ. ಊಟದ ಬಿಡುವಿನ 40 ನಿಮಿಷದಲ್ಲಿ ಎಷ್ಟು ಚೆನ್ನಾಗಿ ಕಾರ್ಯಕ್ರಮ ಮಾಡಬಹುದು ಎಂದು ಮಾಡಿ ನೋಡಿದವರಿಗೇ ಗೊತ್ತು.

ಈಗ ಪಟ್ಟಿ ಜೇಬಿನಿಂದ ತೆಗೆಯಿರಿ.

ಟೆಕ್ ಫೆಸ್ಟ್ ಹೊಡೆದುಹಾಕಿ. ಅದು ಈವನ್ ಸೆಮಿಸ್ಟರ್‌ನ, ಅಂದರೆ ವರ್ಷದ ಎರಡನೇ ಅರ್ಧದ ಕೆಲಸ. ಈಗ ಹಬ್ಬಗಳು ಜಾಸ್ತಿ, 7ನೇ ಸೆಮಿನವರು ಪ್ಲೇಸ್‌ಮೆಂಟ್ ಗಡಿಬಿಡಿಯಲ್ಲಿರುತ್ತಾರೆ. ಕ್ರಿಕೆಟ್ ಟೂರ್ನಿಯನ್ನು ಪಿಡಿ (ದೈಹಿಕ ಶಿಕ್ಷಣದ) ಸರ್‌ಗೆ ಬಿಡಿ, ಅವರು ಹೇಗೂ ಮಾಡುತ್ತಾರೆ. ಎಥ್ನಿಕ್ ಡೇಗೆ ಸಭಾಂಗಣ, ಭಾಷಣ ಏನೂ ಬೇಡ. ಒಂದು ದಿನ ಎಲ್ಲರೂ ಪಂಚೆ, ಸೀರೆ ಉಟ್ಟುಕೊಂಡು ಬಂದು ಫೋಟೊ ತೆಗೆಸಿಕೊಳ್ಳುತ್ತಾರೆ. ಅದಕ್ಕೆ ಸಮಿತಿ ಯಾಕೆ? ಹೀಗೆ ಹೊಡೆಯುತ್ತಾ ಹೋಗಿ, ಒಂದು ದೊಡ್ಡದು, ಎರಡು ಮಧ್ಯಮ, ನಾಲ್ಕು ಚಿಕ್ಕವು ಉಳಿದರೆ ಸಾಕು.

ದೊಡ್ಡದು ಯಾವುದು? ನನ್ನನ್ನು ಕೇಳಿದರೆ ಹ್ಯಾಕಥಾನ್. ಆದರೆ ನೀವು ಬರೆದಿರುವ ಹಾಗಲ್ಲ. 24 ಗಂಟೆ ಎಂದ ಕೂಡಲೇ ಹಾಸ್ಟೆಲ್ ಹುಡುಗಿಯರು ಹೊರಗುಳಿದರು. ಅವರ ಗೇಟು ಎಷ್ಟು ಗಂಟೆಗೆ ಮುಚ್ಚುತ್ತದೆ ಎಂದು ನಿಮ್ಮ 9 ಜನರಲ್ಲಿ ಯಾರಾದರೂ ಕೇಳಿದ್ದೀರಾ? ಬಸ್ಸಿನವರೂ ಹೊರಗೆ. ಉಳಿದವರು ಹುಡುಗರ ಹಾಸ್ಟೆಲಿನ ಐದಾರು ತಂಡ, ರಾತ್ರಿ ಎರಡು ಗಂಟೆಗೆ ಮ್ಯಾಗಿ, ನಾಲ್ಕು ಗಂಟೆಗೆ ಬೆಂಚಿನ ಮೇಲೆ ನಿದ್ದೆ. ನಿದ್ದೆಗೆಟ್ಟವರು ಒಳ್ಳೆಯ ಕೋಡ್ ಬರೆದಿದ್ದನ್ನು ನಾನಂತೂ ನೋಡಿಲ್ಲ. ಎರಡು ಶನಿವಾರ, ಬೆಳಿಗ್ಗೆ 9ರಿಂದ ಸಂಜೆಯ ಬಸ್‌ವರೆಗೆ ಇಡಿ. ನಡುವಿನ ಒಂದು ವಾರದಲ್ಲಿ ತಂಡಗಳು ಯೋಚನೆ ಮಾಡುತ್ತವೆ, ಬೇಕಾದ ಸಾಮಾನು ತರಿಸಿಕೊಳ್ಳುತ್ತವೆ.

ಇದನ್ನೇ ಸ್ಮಾರ್ಟ್ ಇಂಡಿಯಾ ಹ್ಯಾಕಥಾನ್‌ಗೆ ಕಾಲೇಜಿನ ಒಳಸುತ್ತು ಮಾಡಿಕೊಳ್ಳಿ. 2017ರಿಂದ ನಡೆಯುತ್ತಿರುವ ಆ ಸ್ಪರ್ಧೆಗೆ ಕಾಲೇಜು ಮೊದಲು ತನ್ನಲ್ಲೇ ಒಂದು ಸುತ್ತು ನಡೆಸಿ ತಂಡಗಳನ್ನು ಆರಿಸಿ ಕಳಿಸಬೇಕು. ತಂಡದಲ್ಲಿ 6 ಜನ, ಅವರಲ್ಲಿ ಒಬ್ಬ ಹುಡುಗಿಯಾದರೂ ಇರಲೇಬೇಕು. ಸಮಸ್ಯೆಗಳನ್ನು ಸರ್ಕಾರದ ಇಲಾಖೆಗಳೇ ಕೊಟ್ಟಿರುತ್ತವೆ, ನೀವು ವಿಷಯ ಹುಡುಕುವ ಕಷ್ಟವೂ ತಪ್ಪಿತು. ಆ ವರ್ಷದ ಪ್ರಕಟಣೆ ಬಂದ ದಿನವೇ ನೋಡಿಕೊಂಡು ಅದಕ್ಕೆ ಹೊಂದುವ ಎರಡು ಶನಿವಾರ ಹಿಡಿದುಕೊಳ್ಳಿ. ಹೀಗೆ ಮಾಡಿದರೆ ಪ್ರಿನ್ಸಿಪಾಲರ ಸಹಿಯೂ ಬೇಗ ಬೀಳುತ್ತದೆ, ಯಾಕೆಂದರೆ ಅದು ಅವರಿಗೂ ಬೇಕಾದ ಕೆಲಸ.

ಇಂಜಿನಿಯರ್ಸ್ ಡೇ ಬಗ್ಗೆ ಸ್ವಲ್ಪ ಉದ್ದ ಬರೆಯುತ್ತೇನೆ, ತಾಳ್ಮೆ ಇರಲಿ. ಸೆಪ್ಟೆಂಬರ್ 15ರಂದು ನಮ್ಮ ಕಾಲೇಜುಗಳಲ್ಲಿ ಆಗುವುದೇನು? ವಿಶ್ವೇಶ್ವರಯ್ಯನವರ ಫೋಟೊಗೆ ಹಾರ, ಮುಖ್ಯ ಅತಿಥಿ, ಶಾಲು, ಹಣ್ಣಿನ ಬುಟ್ಟಿ. 'ಅವರು ಮೇಣದ ಬತ್ತಿ ಬೆಳಕಲ್ಲಿ ಓದಿದರು' ಎನ್ನುವ ಭಾಷಣ. ಹಿಂದಿನ ಸಾಲಿನಲ್ಲಿ ಎಲ್ಲರ ತಲೆ ಮೊಬೈಲಿನೊಳಗೆ. ಅಷ್ಟು ದೊಡ್ಡ ಇಂಜಿನಿಯರ್‌ನ ಹೆಸರಿನ ದಿನ ಅಲ್ಲಿ ಇಂಜಿನಿಯರಿಂಗ್ ಒಂದು ಬಿಟ್ಟು ಮಿಕ್ಕಿದ್ದೆಲ್ಲ ಇರುತ್ತದೆ.

ಹೀಗೆ ಮಾಡಿ ನೋಡಿ. ನೀರು ಒಂದು ಮಟ್ಟ ಮೀರಿದರೆ ತಾನಾಗಿ ತೆರೆದು, ಇಳಿದರೆ ತಾನಾಗಿ ಮುಚ್ಚಿಕೊಳ್ಳುವ ಗೇಟುಗಳನ್ನು ವಿಶ್ವೇಶ್ವರಯ್ಯನವರು ರೂಪಿಸಿದರು. 1903ರಲ್ಲಿ ಪುಣೆಯ ಹತ್ತಿರದ ಖಡಕ್ವಾಸ್ಲಾದಲ್ಲಿ ಅವನ್ನು ಮೊದಲು ಕೂರಿಸಿದರು. ಆಮೇಲೆ ಕೃಷ್ಣರಾಜಸಾಗರಕ್ಕೂ ಆ ಬಗೆಯ ಗೇಟು ಬಂತು. ಈಗ ನಿಮ್ಮ ಸ್ಪರ್ಧೆ: ಒಂದು ಪ್ಲಾಸ್ಟಿಕ್ ಟಬ್ಬು, ಒಂದು ಬಕೆಟ್ ನೀರು. ತಾನಾಗಿ ತೆರೆದು ಮುಚ್ಚುವ ಗೇಟು ಮಾಡಿ ತೋರಿಸಬೇಕು. ಮೋಟಾರ್ ಇಲ್ಲ, ಬ್ಯಾಟರಿ ಇಲ್ಲ, ಸೆನ್ಸರ್ ಇಲ್ಲ. ತೇಲುವ ಡಬ್ಬಿ, ತೂಕದ ಕಲ್ಲು, ರಾಟೆ, ದಾರ ಏನು ಬೇಕಾದರೂ ಬಳಸಲಿ. ಒಂದೊಂದು ತಂಡದಲ್ಲಿ ಮೂರು ಬೇರೆ ಬೇರೆ ಬ್ರಾಂಚಿನವರು ಇರಬೇಕು. ತೀರ್ಪು ಕೊಡುವುದಕ್ಕೆ ಪಾಯಿಂಟು ಪಟ್ಟಿಯೂ ಬೇಕಾಗಿಲ್ಲ. ನೀರು ಸುರಿದಾಗ ಗೇಟು ತೆರೆಯಿತಾ, ನಿಲ್ಲಿಸಿದಾಗ ಮುಚ್ಚಿತಾ, ಎಷ್ಟು ಸೋರಿತು, ಅಷ್ಟೇ. ಅಂಗಳದಲ್ಲೇ ನಡೆಸಿ, ಊಟದ ಬಿಡುವಿನಲ್ಲಿ. ಜನ ತಾವಾಗಿ ಸುತ್ತ ಸೇರುತ್ತಾರೆ. ತಂಡಕ್ಕೆ 300 ರೂಪಾಯಿ ಸಾಮಾನಿಗೆ ಕೊಟ್ಟರೂ 20 ತಂಡಕ್ಕೆ 6,000. ಶಾಲು, ಹಾರ, ಬುಟ್ಟಿ, ಅತಿಥಿಯ ಕಾರಿಗೆ ಇದಕ್ಕಿಂತ ಜಾಸ್ತಿ ಖರ್ಚಾಗುತ್ತದೆ.

ಅತಿಥಿ ಬೇಕೇ ಬೇಕು ಎಂದರೆ ನಿಮ್ಮ ಜಿಲ್ಲೆಯ ನೀರಾವರಿ ಇಲಾಖೆಯಲ್ಲಿ ಕೆಲಸ ಮಾಡಿ ನಿವೃತ್ತರಾದ ಒಬ್ಬ ಇಂಜಿನಿಯರನ್ನು ಕರೆಯಿರಿ. ಭಾಷಣ ಮಾಡಿಸಬೇಡಿ. ಟಬ್ಬಿನ ಪಕ್ಕ ಕುರ್ಚಿ ಹಾಕಿ ಕೂರಿಸಿ. ಗೇಟು ಸಿಕ್ಕಿಹಾಕಿಕೊಂಡಾಗ ಅವರು ತಾವೇ ಎದ್ದು ಬರುತ್ತಾರೆ.

ಮಧ್ಯಮದ್ದು ಎರಡರಲ್ಲಿ ಒಂದು ಇದಾಯಿತು. ಇನ್ನೊಂದು ರಾಜ್ಯೋತ್ಸವ ಆಗಲಿ. ನವೆಂಬರ್ 1 ರಜೆ, ಧ್ವಜ ಹಾರಿಸಿ ಸಿಹಿ ಹಂಚಿದರೆ ಮುಗಿಯಿತು. ನಿಮ್ಮ ಕಾರ್ಯಕ್ರಮವನ್ನು ಆ ತಿಂಗಳ ಯಾವುದಾದರೂ ಖಾಲಿ ವಾರಕ್ಕೆ ಹಾಕಿ. ಡೊಳ್ಳು, ಹಾಡು ಇರಲಿ, ಬೇಡ ಎನ್ನುವುದಿಲ್ಲ. ಜೊತೆಗೆ ಒಂದು ಗಂಟೆ, 'ನನ್ನ ಪ್ರಾಜೆಕ್ಟು, ಕನ್ನಡದಲ್ಲಿ' ಎಂದಿಡಿ. ಒಬ್ಬೊಬ್ಬರಿಗೆ 7 ನಿಮಿಷ. ತನ್ನ ಪ್ರಾಜೆಕ್ಟನ್ನು ತನ್ನ ಅಜ್ಜಿಗೆ ಹೇಳುವ ಹಾಗೆ ಹೇಳಬೇಕು. ಬೇರಿಂಗ್, ಟಾರ್ಕ್, ವೋಲ್ಟೇಜ್ ಎನ್ನುವ ಮಾತು ಇರಲಿ, ಅವನ್ನು ಕಷ್ಟಪಟ್ಟು ಸಂಸ್ಕೃತ ಮಾಡುವ ಅಗತ್ಯವಿಲ್ಲ. ಕನ್ನಡ ಮಾಧ್ಯಮದಿಂದ ಬಂದು ಎರಡು ವರ್ಷ ಸೆಮಿನಾರಿನಲ್ಲಿ ತುಟಿ ಬಿಚ್ಚದ ಹುಡುಗರು ಅಲ್ಲಿ ಮಾತಾಡುವುದನ್ನು ನೀವೇ ಕೇಳುತ್ತೀರಿ. ಬೇರೆ ರಾಜ್ಯದಿಂದ ಬಂದವರಿಗೂ ಒಂದು ಜಾಗ ಇಡಿ. ಮೊದಲ ವರ್ಷ 'ಬಳಕೆ ಕನ್ನಡ' ಓದಿರುತ್ತಾರೆ, ಅದನ್ನು ಬಳಸಿ ಎರಡು ನಿಮಿಷ ಮಾತಾಡಲಿ. ಚಪ್ಪಾಳೆ ಅವರಿಗೇ ಜಾಸ್ತಿ ಬೀಳುತ್ತದೆ, ನೋಡುತ್ತಿರಿ.

ಫ್ರೆಶರ್ಸ್ ಡೇಯನ್ನು ನಾನು ಚಿಕ್ಕದರಲ್ಲಿ ಸೇರಿಸುತ್ತೇನೆ. ಸಿಇಟಿ ಕೌನ್ಸೆಲಿಂಗ್ ಮುಗಿದು ಮೊದಲ ವರ್ಷದವರು ಬರುವುದು ನಿಮಗಿಂತ ತಡ, ಆದ್ದರಿಂದ ಅವರು ಬಂದು ಎರಡನೇ ವಾರಕ್ಕೆ ಎಂದು ಬರೆದುಕೊಳ್ಳಿ. ಸೀನಿಯರ್‌ಗಳು ಜೂನಿಯರ್‌ಗಳನ್ನು ವೇದಿಕೆಗೆ ಎಳೆದು ಕುಣಿಸುವ ಆಟ ಬೇಡವೇ ಬೇಡ. ಮನಸ್ಸಿಲ್ಲದವರನ್ನು ಒತ್ತಾಯ ಮಾಡಿದರೆ ಯುಜಿಸಿಯ 2009ರ ನಿಯಮದ ಪ್ರಕಾರ ಅದೂ ರ‍್ಯಾಗಿಂಗ್ ಆಗಬಹುದು, ತಮಾಷೆ ಎಂದು ಹೇಳಿ ಪಾರಾಗಲು ಆಗುವುದಿಲ್ಲ. ಅವರಿಗೆ ಬೇಕಿರುವುದು ಡಿಜೆ ಅಲ್ಲ. ವರ್ಕ್‌ಶಾಪ್ ಎಲ್ಲಿದೆ, ಝೆರಾಕ್ಸ್ ಎಲ್ಲಿ ಅಗ್ಗ, ಹಾಸ್ಟೆಲ್ ಊಟ ಸೇರದಿದ್ದರೆ ಎಲ್ಲಿಗೆ ಹೋಗಬೇಕು, ಇವು.

ಇನ್ನು ಯಾವ ಕೌನ್ಸಿಲ್‌ಗೂ ನೆನಪಾಗದ ಒಂದು ಗುಂಪಿದೆ. ಡಿಪ್ಲೊಮಾ ಮುಗಿಸಿ ಡಿಸಿಇಟಿ ಎನ್ನುವ ಪ್ರವೇಶ ಪರೀಕ್ಷೆ ಬರೆದು ನೇರ 3ನೇ ಸೆಮಿಸ್ಟರ್‌ಗೆ ಸೇರುವವರು. ಅವರು ಬರುವ ಹೊತ್ತಿಗೆ ತರಗತಿ ಶುರುವಾಗಿರುತ್ತದೆ, ಗೆಳೆಯರ ಗುಂಪುಗಳು ಆಗಲೇ ಕಟ್ಟಿಕೊಂಡಿರುತ್ತವೆ. ಅವರಿಗೆ ಫ್ರೆಶರ್ಸ್ ಡೇ ಇಲ್ಲ, ಯಾಕೆಂದರೆ ಅವರು ಫ್ರೆಶರ್ಸ್ ಅಲ್ಲವಂತೆ! ಲೇತ್ ಯಂತ್ರದ ಮುಂದೆ ನಿಲ್ಲಿಸಿದರೆ ನಿಮಗಿಂತ ಚೆನ್ನಾಗಿ ಕೆಲಸ ಮಾಡುತ್ತಾರೆ, ಗಣಿತದ ತರಗತಿಯಲ್ಲಿ ಬೆವರುತ್ತಾರೆ. ಒಂದು ಮಧ್ಯಾಹ್ನ ಅವರನ್ನು ಕೂರಿಸಿ ಟೀ ಕೊಡಿ. ಹಿಂದಿನ ವರ್ಷ ಹಾಗೇ ಬಂದು ಪಾಸಾದವರನ್ನು ಎದುರಿಗೆ ಕೂರಿಸಿ, ಹಳೆಯ ಪ್ರಶ್ನೆಪತ್ರಿಕೆಗಳ ಒಂದು ಕಟ್ಟು ಕೊಡಿಸಿ. ಖರ್ಚು 1,000 ರೂಪಾಯಿ ದಾಟುವುದಿಲ್ಲ.

ರಕ್ತದಾನ ಒಳ್ಳೆಯದು. ಜಿಲ್ಲಾ ಆಸ್ಪತ್ರೆಯ ರಕ್ತನಿಧಿಯವರೇ ಬಂದು ನಡೆಸಿಕೊಡುತ್ತಾರೆ. ಅಕ್ಟೋಬರ್ 1 ರಾಷ್ಟ್ರೀಯ ಸ್ವಯಂಪ್ರೇರಿತ ರಕ್ತದಾನ ದಿನ, ಆ ಸುಮಾರಿಗೆ ಇಟ್ಟುಕೊಳ್ಳಿ. ಆದರೆ 18 ತುಂಬಿರಬೇಕು, 45 ಕೆಜಿ ತೂಕ ಇರಬೇಕು, ಹಿಮೋಗ್ಲೋಬಿನ್ 12.5 ಇರಬೇಕು. ಮೊದಲ ಸೆಮಿಸ್ಟರ್‌ನಲ್ಲಿ ಎಷ್ಟೋ ಮಂದಿಗೆ 18 ಆಗಿರುವುದಿಲ್ಲ, ಅವರನ್ನು ಸಾಲಿನಲ್ಲಿ ನಿಲ್ಲಿಸಿ ವಾಪಸ್ ಕಳಿಸಬೇಡಿ. ತಿಂಡಿ ತಿನ್ನದೆ ಬಂದವರನ್ನು ಮೊದಲು ಕ್ಯಾಂಟೀನಿಗೆ ಕಳಿಸಿ.

ಆಯುಧ ಪೂಜೆ ನಿಮ್ಮ ಪಟ್ಟಿಯಲ್ಲಿಲ್ಲ! ಮೆಕ್ಯಾನಿಕಲ್ ಹುಡುಗ ಇದನ್ನು ಹೇಗೆ ಮರೆತಿರಿ? ವರ್ಷವಿಡೀ ನಿಮಗೆ ಫೈಲ್ (ಅರ) ಹಿಡಿಯುವುದು, ವೆಲ್ಡಿಂಗ್ ಮಾಡುವುದು ಕಲಿಸುವ ಇನ್‌ಸ್ಟ್ರಕ್ಟರ್‌ಗಳು ಅವತ್ತು ವರ್ಕ್‌ಶಾಪ್ ತೊಳೆದು, ಲೇತಿಗೆ ಕುಂಕುಮ ಇಟ್ಟು, ಬಾಳೆಕಂದು ಕಟ್ಟುತ್ತಾರೆ. ಬೇರೆ ಏನೂ ಆಯೋಜಿಸಬೇಡಿ, ಸುಮ್ನೆ ನಾಲ್ಕು ಜನ ಹೋಗಿ ಅವರ ಜೊತೆ ಕೈಜೋಡಿಸಿ. ಚುರುಮುರಿ, ಸಿಹಿಯ ದುಡ್ಡು ಕೌನ್ಸಿಲ್‌ನಿಂದ ಹೋಗಲಿ.

ತರಬೇತಿಯ ವರ್ಕ್‌ಶಾಪ್, ಉಪನ್ಯಾಸಗಳನ್ನು ಒಂದಕ್ಕೆ ಇಳಿಸಿ. 7ನೇ ಸೆಮಿನವರಿಗೆ ಒಂದು ಗಂಟೆ: ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯಿಂದ ಅಂತಿಮ ವರ್ಷದ ಪ್ರಾಜೆಕ್ಟಿಗೆ ಧನಸಹಾಯ ಪಡೆಯುವುದು ಹೇಗೆ. ನಿಮ್ಮ ಕಾಲೇಜಿನಲ್ಲೇ ಹಿಂದೆ ಪಡೆದವರು ಇರುತ್ತಾರೆ, ಅವರಿಂದಲೇ ಹೇಳಿಸಿ. ಹೊರಗಿನಿಂದ ಬಂದು ಎರಡು ದಿನ ಎಐ ಕಲಿಸಿ ಸರ್ಟಿಫಿಕೇಟ್ ಹಂಚುವವರಿಗೆ ನಿಮ್ಮ ದುಡ್ಡು ಕೊಡಬೇಡಿ.

ಈಗ ಹಾಜರಿ ವಿಷಯ. ಎಷ್ಟೋ ಕೌನ್ಸಿಲ್‌ಗಳು ಕೆಡುವುದು ಇಲ್ಲಿ. 3 ಕ್ರೆಡಿಟ್‌ನ ಒಂದು ವಿಷಯಕ್ಕೆ ಸೆಮಿಸ್ಟರಿನಲ್ಲಿ ಸುಮಾರು 40 ತರಗತಿ. ಶೇ. 85 ಹಾಜರಿ ಬೇಕು. ಅಂದರೆ ತಪ್ಪಿಸಿಕೊಳ್ಳಲು ನಿಮಗಿರುವುದು 6 ತರಗತಿ. ಜ್ವರ, ಅಕ್ಕನ ಮದುವೆ ಎಲ್ಲ ಅದರಲ್ಲೇ. 'ಓಡಿ (ಆನ್ ಡ್ಯೂಟಿ ಹಾಜರಿ) ಕೊಡುತ್ತಾರೆ ಬಿಡಿ' ಎಂದು ನಂಬಿಕೊಂಡು ಓಡಾಡಿ, ಕೊನೆಗೆ ಡಿಪಾರ್ಟ್‌ಮೆಂಟಿನ ಬಾಗಿಲಲ್ಲಿ ನಿಂತು ಅತ್ತವರನ್ನು ನೋಡಿದ್ದೇನೆ. ಓಡಿ ಪಟ್ಟಿಯನ್ನು ಕಾರ್ಯಕ್ರಮದ ಹಿಂದಿನ ದಿನವೇ ಪ್ರಿನ್ಸಿಪಾಲರ ಸಹಿ ಮಾಡಿಸಿ ಎಚ್‌ಒಡಿಗಳಿಗೆ (ವಿಭಾಗದ ಮುಖ್ಯಸ್ಥರಿಗೆ) ತಲುಪಿಸಿ. ತಿಂಗಳ ನಂತರ ತೆಗೆದುಕೊಂಡು ಹೋದರೆ ಯಾವ ಮೇಷ್ಟ್ರೂ ರಿಜಿಸ್ಟರ್ ತಿದ್ದುವುದಿಲ್ಲ, ತಿದ್ದಲೂ ಬಾರದು. ಒಬ್ಬರಿಗೆ ಸೆಮಿಸ್ಟರಿಗೆ ಎರಡೇ ಕಾರ್ಯಕ್ರಮದ ಹೊಣೆ ಎಂದು ನಿಮ್ಮಲ್ಲೇ ನಿಯಮ ಮಾಡಿಕೊಳ್ಳಿ. 9 ಜನ ಸಾಲದಿದ್ದರೆ 3ನೇ ಸೆಮಿಯಿಂದ ಇನ್ನಷ್ಟು ಜನರನ್ನು ಸೇರಿಸಿಕೊಳ್ಳಿ. ಮುಂದಿನ ವರ್ಷದ ಕೌನ್ಸಿಲ್ ಅವರೇ ತಾನೇ?

ಸ್ವಯಂಸೇವಕರು ಸಿಗುವುದಿಲ್ಲ ಎನ್ನಬೇಡಿ. ಎಐಸಿಟಿಇಯ (ತಾಂತ್ರಿಕ ಶಿಕ್ಷಣದ ಅಖಿಲ ಭಾರತ ಪರಿಷತ್ತಿನ) 100 ಆಕ್ಟಿವಿಟಿ ಪಾಯಿಂಟ್, ಅಂದರೆ ಪಾಠದಾಚೆಯ ಸಮಾಜದ ಕೆಲಸಕ್ಕೆ ಸಿಗುವ ಅಂಕ, ಎಲ್ಲರಿಗೂ ಬೇಕು, ಲ್ಯಾಟರಲ್ ಎಂಟ್ರಿಯವರಿಗೆ (ಡಿಪ್ಲೊಮಾದಿಂದ ನೇರ ಬಂದವರಿಗೆ) 75. ಅವು ಸಿಜಿಪಿಎಗೆ (ಒಟ್ಟು ಗ್ರೇಡ್ ಸರಾಸರಿಗೆ) ಸೇರುವುದಿಲ್ಲ, ಆದರೆ ಗಳಿಸದೆ ಪದವಿ ಇಲ್ಲ. 8ನೇ ಸೆಮಿಗೆ ಬಂದಾಗ ಜನ ಅದಕ್ಕಾಗಿ ಪರದಾಡುವುದನ್ನು ಕಂಡಿರುತ್ತೀರಿ. ನಿಮ್ಮ ಯಾವ ಕೆಲಸ ಆ ಪಾಯಿಂಟಿಗೆ ಲೆಕ್ಕವಾಗುತ್ತದೆ ಎಂದು ಮೆಂಟರ್‌ಗಳನ್ನು ಮೊದಲೇ ಕೇಳಿ ಬರೆಸಿಕೊಳ್ಳಿ. ಪಕ್ಕದ ಹಳ್ಳಿಯ ನೀರಿನ ಸಮೀಕ್ಷೆಯಂಥ ಕೆಲಸ ಇದ್ದರೆ ಜನ ಹುಡುಕಿಕೊಂಡು ಬರುತ್ತಾರೆ.

ಕೊನೆಗೆ ದುಡ್ಡು. 'ಕೊಡಿಸುತ್ತೇನೆ' ಎನ್ನುವುದಕ್ಕೂ ಕೈಗೆ ಬರುವುದಕ್ಕೂ ನಡುವೆ ಒಂದು ಕಡತ ಇದೆ. ಸಾಮಾನ್ಯವಾಗಿ ಅಡ್ವಾನ್ಸ್ ಬರುವುದು ನಿಮ್ಮ ಹೆಸರಿಗಲ್ಲ, ಸಂಯೋಜಕರಾದ ಮೇಷ್ಟ್ರ ಹೆಸರಿಗೆ. ಅದರ ಲೆಕ್ಕ ಒಪ್ಪಿಸುವವರೆಗೆ ಮುಂದಿನ ಅಡ್ವಾನ್ಸ್ ಇಲ್ಲ. ನಾನು ಹಿಂದೆ ಇದ್ದ ಒಂದು ಕಾಲೇಜಿನಲ್ಲಿ ಹುಡುಗರು ಶಾಮಿಯಾನ, ಲೈಟಿನವನಿಗೆ 18,000 ರೂಪಾಯಿ ಕೊಟ್ಟು ಬಿಳಿ ಹಾಳೆಯ ಮೇಲೆ ಬರೆಸಿಕೊಂಡು ಬಂದರು. ಆಫೀಸಿನವರು 'ಇದು ಬಿಲ್ ಅಲ್ಲ' ಎಂದರು. ಲೈಟಿನವನ ಫೋನ್ ಸ್ವಿಚ್ ಆಫ್. ಸಂಯೋಜಕಿಯಾಗಿದ್ದ ಮೇಡಂ, ಆಗಷ್ಟೇ ಕೆಲಸಕ್ಕೆ ಸೇರಿದವರು, ತಮ್ಮ ಸಂಬಳದಿಂದ ಆ ದುಡ್ಡು ಕಟ್ಟಿದರು. ಮಾರನೇ ವರ್ಷ ಸಂಯೋಜಕರಾಗಲು ಒಬ್ಬ ಮೇಷ್ಟ್ರೂ ಮುಂದೆ ಬರಲಿಲ್ಲ. ಆ ವರ್ಷ ಅಲ್ಲಿ ಕೌನ್ಸಿಲ್ಲೇ ಇರಲಿಲ್ಲ.

ಆದ್ದರಿಂದ ಹೊರಡುವ ಮೊದಲು ಅಕೌಂಟ್ಸ್ ವಿಭಾಗದ ಗುಮಾಸ್ತರ ಹತ್ತಿರ ಹತ್ತು ನಿಮಿಷ ಕೂರಿ. ಯಾವ ಬಿಲ್ ನಡೆಯುತ್ತದೆ, ಎಷ್ಟು ರೂಪಾಯಿ ಮೇಲಾದರೆ ಮೂರು ಕೊಟೇಶನ್ ಬೇಕು, ಜಿಎಸ್‌ಟಿ ನಂಬರ್ ಇಲ್ಲದ ಸಣ್ಣ ಅಂಗಡಿಗೆ ಏನು ಮಾಡಬೇಕು, ಕಾಲೇಜಿನ ಹೆಸರು ಬಿಲ್ಲಿನಲ್ಲಿ ಹೇಗೆ ಬರೆಸಬೇಕು, ಎಲ್ಲ ಕೇಳಿ ಗುರುತು ಹಾಕಿಕೊಳ್ಳಿ. ಅವರನ್ನು ಯಾವ ವಿದ್ಯಾರ್ಥಿಯೂ ಮೊದಲೇ ಬಂದು ಕೇಳಿರುವುದಿಲ್ಲ. ಖುಷಿಯಿಂದ ಹೇಳುತ್ತಾರೆ. ಕಾರ್ಯಕ್ರಮ ಮುಗಿದ ಐದು ದಿನದೊಳಗೆ ಲೆಕ್ಕ ಒಪ್ಪಿಸಿ. 1,20,000ದಲ್ಲಿ 30,000 ರೂಪಾಯಿಯನ್ನು ಹತ್ತನೇ ವಾರದವರೆಗೆ ಮುಟ್ಟಬೇಡಿ. ಯಾವುದಾದರೂ ತಂಡ ದೂರದ ಊರಿನ ಹ್ಯಾಕಥಾನ್ ಸುತ್ತಿಗೆ ಆಯ್ಕೆಯಾದರೆ ರೈಲಿನ ಟಿಕೆಟ್‌ಗೆ ಆಗ ಹುಡುಕಾಡಬೇಕಾಗುತ್ತದೆ.

ಫ್ಲೆಕ್ಸ್ ಹಾಕಿಸಬೇಡಿ, ರಾಜ್ಯದಲ್ಲಿ ಪ್ಲಾಸ್ಟಿಕ್ ಫ್ಲೆಕ್ಸ್ 2016ರಿಂದಲೇ ನಿಷೇಧ. ಬಟ್ಟೆ ಬ್ಯಾನರ್ ಬರೆಸಿ, ಇಸವಿ ಹಾಕಿಸದಿದ್ದರೆ ಮುಂದಿನ ವರ್ಷವೂ ಕಟ್ಟಬಹುದು. ಸಂಜೆ ಹಾಡು, ಕುಣಿತ ಇಟ್ಟರೆ ರಾತ್ರಿ 10ಕ್ಕೆ ಧ್ವನಿವರ್ಧಕ ನಿಲ್ಲಬೇಕು ಎನ್ನುವುದು ನೆನಪಿರಲಿ.

ಟೀ ಶರ್ಟ್ ವಿಷಯ. ಖಂಡಿತ ಮಾಡಿಸಿಕೊಳ್ಳಿ, ಗುಂಪಿನಲ್ಲಿ ಯಾರನ್ನು ಕೇಳಬೇಕು ಎಂದು ಜನರಿಗೆ ಗೊತ್ತಾಗುತ್ತದೆ. ಆದರೆ ನಿಮ್ಮ ನಿಮ್ಮ ಜೇಬಿನ ದುಡ್ಡಿನಲ್ಲಿ. ಕೌನ್ಸಿಲ್ ದುಡ್ಡಿನಿಂದ 9 ಜನ ಟೀ ಶರ್ಟ್ ಹಾಕಿಕೊಂಡರೆ ಉಳಿದವರು ಸೆಮಿಸ್ಟರ್ ಪೂರ್ತಿ ಅದನ್ನೇ ಆಡಿಕೊಳ್ಳುತ್ತಾರೆ. ಮತ್ತೆ ಬಿಳಿ ಬಣ್ಣ ಬೇಡ, ಟಬ್ಬಿನ ನೀರು ಎರಚಾಡುತ್ತದೆ.